ಹೊಳೆ ಒಂದೇ, ಕಟ್ಟಳೆ ಹತ್ತು

ಕಾಳಿ ಹೊಳೆಯ ದಂಡೆಯ ಗಣೇಶಗುಡಿಗೆ ರಾಫ್ಟಿಂಗ್‌ಗೆಂದು ಹೊರಟಿರುವ ಹುಡುಗ ಹುಡುಗಿಯರಿಗೂ, ಮಗ ಜರ್ಮನಿಯಲ್ಲಿದ್ದಾನೆ, ಹೋದವರು ಹಾಗೆಯೇ ಡ್ಯಾನ್ಯೂಬ್ ನದಿಯ ಹಡಗಿನಲ್ಲಿ ಒಂದು ವಾರ ತಿರುಗಿ ಬರೋಣ ಎಂದು ಅಟ್ಟದ ಮೇಲಿನ ಸೂಟ್‌ಕೇಸ್ ಇಳಿಸಿರುವ ಹಿರಿಯರಿಗೂ ನಾನು ಹೇಳುವುದು ಒಂದೇ. ನಿಯಮ ಕೇಳಿಕೊಂಡು ಹೊರಡಿ. ಕೇಳಿದ ನಿಯಮ ಯಾವ ತಾರೀಖಿನದು ಎಂದು ನೋಡಿ. ಹೊರಡುವ ಹಿಂದಿನ ದಿನ ಮತ್ತೊಮ್ಮೆ ಕೇಳಿ. ಅಷ್ಟೇ ತಾನೇ ಎಂದು ನಗಬೇಡಿ. ಕೊರೊನಾ ಕಾಲದಲ್ಲಿ ಮೈಯಲ್ಲಿ ಜ್ವರವಿಲ್ಲದಿದ್ದರೂ ಕಿಸೆಯಲ್ಲಿದ್ದ ಕಾಗದ ಹಳೆಯದಾಗಿದ್ದ ಒಂದೇ ಕಾರಣಕ್ಕೆ ಚೆಕ್‌ಪೋಸ್ಟಿನಿಂದ ತಿರುಗಿ ಬಂದವರು ನಮ್ಮ ಕಡೆ ಎಷ್ಟೋ ಮಂದಿ.

ಅದೆಲ್ಲ ಮುಗಿದ ಕತೆ, ಈಗೇಕೆ ಎನ್ನುತ್ತೀರಿ, ಗೊತ್ತು. ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ತುರ್ತುಸ್ಥಿತಿ ಮುಗಿಯಿತೆಂದು ಸಾರಿತು, ನಿಜ. ಯುರೋಪಿನ ಡಿಜಿಟಲ್ ಕೋವಿಡ್ ಪ್ರಮಾಣಪತ್ರದ ಕಾನೂನೂ ಅದೇ ವರ್ಷ ಜೂನ್ 30ಕ್ಕೆ ತೀರಿತು. ಆದರೆ ಅದೇ ವರ್ಷದ ಡಿಸೆಂಬರಿನಲ್ಲಿ ಜೆಎನ್.1 ತಳಿ ಬಂತು, ಅರವತ್ತು ದಾಟಿದವರು ಮಾಸ್ಕ್ ಹಾಕಿಕೊಳ್ಳಿ ಎಂದು ನಮ್ಮ ರಾಜ್ಯ ಸರಕಾರ ಮತ್ತೆ ಹೇಳಬೇಕಾಯಿತು. ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಾಡಿಗೆ ಮಂಗನ ಕಾಯಿಲೆಯೂ ಹೊಸದಲ್ಲ. 2024ರ ಆರಂಭದಲ್ಲಿ ಸಿದ್ದಾಪುರದ ಕಡೆ ಅದು ಮತ್ತೆ ತಲೆ ಎತ್ತಿತ್ತು. ಬೆಂಕಿ ಬಿದ್ದಾಗ ಬಾವಿ ತೋಡುವ ಚಾಳಿ ನಮ್ಮದು. ಬೆಂಕಿ ಇಲ್ಲದ ಹೊತ್ತಿನಲ್ಲೇ ಈ ಮಾತು ಆಡಿಬಿಡುವುದು ವಾಸಿ.

ಹೊಳೆಯ ಪ್ರವಾಸಕ್ಕೆ ಉಳಿದ ಪ್ರವಾಸಗಳಿಗಿಲ್ಲದ ಒಂದು ತಾಪತ್ರಯ ಉಂಟು. ಹೊಳೆಗೆ ಬಾಗಿಲು ಹಲವು, ಒಂದೊಂದಕ್ಕೂ ಒಬ್ಬೊಬ್ಬ ಯಜಮಾನ. ನಮ್ಮ ಕಾಳಿಯನ್ನೇ ನೋಡಿ. ಜೋಯಿಡಾ ತಾಲ್ಲೂಕಿನ ಡಿಗ್ಗಿಯ ಹತ್ತಿರ ಹುಟ್ಟಿ, ಸುಮಾರು 184 ಕಿಲೋಮೀಟರ್ ಹರಿದು ಕಾರವಾರದಲ್ಲಿ ಸಮುದ್ರ ಸೇರುವವರೆಗೆ ಅದು ಉತ್ತರ ಕನ್ನಡ ಜಿಲ್ಲೆ ಬಿಟ್ಟು ಹೊರಗೆ ಹೋಗುವುದಿಲ್ಲ. ಆದರೂ ಸೂಪಾ ಅಣೆಕಟ್ಟಿನ ನೀರು ಕರ್ನಾಟಕ ವಿದ್ಯುತ್ ನಿಗಮದ ಕೈಯಲ್ಲಿ. ಅವರು ವಿದ್ಯುತ್ತಿಗಾಗಿ ನೀರು ಬಿಟ್ಟರೆ ಗಣೇಶಗುಡಿಯಲ್ಲಿ ರಾಫ್ಟ್ ತೇಲುತ್ತದೆ, ಇಲ್ಲದಿದ್ದರೆ ಬಂಡೆ ಎಣಿಸಿಕೊಂಡು ಬರಬೇಕು. ಸುತ್ತಲಿನ ಕಾಡಿನ ಬಹುಪಾಲು ಕಾಳಿ ಹುಲಿ ಸಂರಕ್ಷಿತ ಪ್ರದೇಶ, ಅಲ್ಲಿ ಅರಣ್ಯ ಇಲಾಖೆಯದೇ ಮಾತು. ಕೊರೊನಾ ಕಾಲದಲ್ಲಿ ಇವರೆಲ್ಲರ ಮೇಲೆ ವಿಪತ್ತು ನಿರ್ವಹಣಾ ಕಾಯ್ದೆ ಕೂತಿತ್ತು. ಬೆಂಗಳೂರಿನಿಂದ ಮುಖ್ಯ ಕಾರ್ಯದರ್ಶಿಗಳ ಆದೇಶ ಬಂದರೆ, ಕಾರವಾರದಿಂದ ಜಿಲ್ಲಾಧಿಕಾರಿಗಳು ಅದಕ್ಕೆ ಇನ್ನಷ್ಟು ಬಿಗಿ ಸೇರಿಸಬಹುದಿತ್ತು. ಹಾಗಾಗಿ ರೆಸಾರ್ಟ್ ತೆರೆದಿದೆ ಎಂದ ಮಾತ್ರಕ್ಕೆ ರಾಫ್ಟಿಂಗ್ ಇದೆ ಎಂದು ತಿಳಿಯುವಂತಿರಲಿಲ್ಲ. ರಾಫ್ಟಿಂಗ್ ಇದೆ ಎಂದರೆ ಸಫಾರಿಯೂ ಇದೆ ಎಂದಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕು. ಕಾಳಿಯ ದಂಡೆಯಲ್ಲಂತೂ ಪೂಜಾರಿಗಳು ನಾಲ್ಕೈದು ಜನ.

ಒಂದೇ ಜಿಲ್ಲೆಯ ಹೊಳೆಗೆ ಇಷ್ಟು ಕಟ್ಟಳೆ ಇದ್ದರೆ ಡ್ಯಾನ್ಯೂಬಿನ ಪಾಡು ಏನಿರಬೇಡ! ಜರ್ಮನಿಯ ಪಸಾವ್‌ನಲ್ಲಿ ಹಡಗು ಹತ್ತಿ ಹಂಗೆರಿಯ ಬುಡಾಪೆಸ್ಟ್‌ನಲ್ಲಿ ಇಳಿಯುವ ಹೊತ್ತಿಗೆ ಜರ್ಮನಿ, ಆಸ್ಟ್ರಿಯಾ, ಸ್ಲೊವಾಕಿಯಾ, ಹಂಗೆರಿ ಎಂದು ನಾಲ್ಕು ದೇಶ ನೋಡಿರುತ್ತೀರಿ. ಒಳ್ಳೆಯ ಕಾಲದಲ್ಲಿ ಕೈಯಲ್ಲಿ ಷೆಂಗೆನ್ ವೀಸಾ ಇದ್ದರೆ ನಡುವೆ ಗಡಿ ಇದೆ ಎಂಬುದೇ ತಿಳಿಯುವುದಿಲ್ಲ. ಕೊರೊನಾ ಬಂದದ್ದೇ ಗಡಿಗಳೆಲ್ಲ ಎದ್ದು ನಿಂತವು. 2020ರ ಸೆಪ್ಟೆಂಬರ್ 1ರಂದು ಹಂಗೆರಿ ಹೊರದೇಶದವರಿಗೆ ಬಾಗಿಲು ಹಾಕಿತು. 2021ರ ನವೆಂಬರ್ 22ರಿಂದ ಆಸ್ಟ್ರಿಯಾ ಮತ್ತೆ ಲಾಕ್‌ಡೌನ್ ಮಾಡಿತು. ಕ್ರಿಸ್‌ಮಸ್ ಸಂತೆ ನೋಡಲೆಂದೇ ಹಡಗಿನ ಟಿಕೆಟ್ ಕೊಂಡವರಿಗೆ ವಿಯೆನ್ನಾದ ಸಂತೆಯೇ ಇಲ್ಲವಾಯಿತು. ಹಡಗು ಅದೇ, ಕೋಣೆ ಅದೇ, ಆದರೆ ಬೆಳಗಿನ ತಿಂಡಿ ಒಂದು ದೇಶದ ಕಾನೂನಿನಲ್ಲಿ, ರಾತ್ರಿಯ ಊಟ ಇನ್ನೊಂದರ ಕಾನೂನಿನಲ್ಲಿ. ರೈನ್ ನದಿಯ ಮೇಲೆ ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ ಆಮ್ಸ್‌ಟರ್‌ಡ್ಯಾಮಿಗೆ ಹೋಗುವವರದೂ ಇದೇ ಗತಿ. ಇಂಥ ಪ್ರವಾಸಕ್ಕೆ ಹೊರಡುವಾಗ ಮೊದಲ ದೇಶದ ನಿಯಮ ಓದಿ ಪುಸ್ತಕ ಮುಚ್ಚಬೇಡಿ. ದಾರಿಯಲ್ಲಿ ಅತ್ಯಂತ ಬಿಗಿ ಇರುವ ದೇಶ ಯಾವುದು ಎಂದು ಕೇಳಿ, ಆ ದೇಶ ಒಪ್ಪುವಂಥ ಕಾಗದ ಸಿದ್ಧ ಮಾಡಿಕೊಳ್ಳಿ. ವಿಮಾನ ಬದಲಿಸುವ ಊರೂ ಒಂದು ದೇಶವೇ ಎಂಬುದನ್ನು ಮರೆಯಬೇಡಿ. ಅದನ್ನು ಮರೆಯುವವರು ಬಹಳ.

ಇನ್ನು ತಾರೀಖಿನ ಮಾತು. 2020ರ ಡಿಸೆಂಬರ್ 23ರಂದು ನಮ್ಮ ರಾಜ್ಯದಲ್ಲಿ ರಾತ್ರಿ ಕರ್ಫ್ಯೂ ಎಂದರು. ಮೊದಲು ಅಂದೇ ರಾತ್ರಿ ಹತ್ತರಿಂದ ಎಂದರು, ಆಮೇಲೆ ಮರುದಿನ ರಾತ್ರಿ ಹನ್ನೊಂದರಿಂದ ಎಂದರು, 24ರಂದು ಜಾರಿಗೆ ಬರುವ ಮೊದಲೇ ಹಿಂತೆಗೆದುಕೊಂಡರು. ಆ ಎರಡು ದಿನದಲ್ಲಿ ಹೊಸ ವರ್ಷಕ್ಕೆ ದಾಂಡೇಲಿಯ ಹೋಮ್‌ಸ್ಟೇ ಬುಕ್ ಮಾಡಿದ್ದವರು ರದ್ದು ಮಾಡಬೇಕೋ ಬೇಡವೋ ಎಂದು ಒದ್ದಾಡಿದ್ದೇ ಬಂತು. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರಲ್ಲ, ಒಂದು ದಿನ ತಾಳಿದವರ ಬುಕಿಂಗ್ ಉಳಿಯಿತು. ಮರುವರ್ಷ ಇದರ ತಿರುವುಮುರುವು. 2021ರ ಡಿಸೆಂಬರ್ 28ರಿಂದ ರಾತ್ರಿ ಕರ್ಫ್ಯೂ ಬಂತು, ಜನವರಿ 7ರಿಂದ ವಾರಾಂತ್ಯದ ಕರ್ಫ್ಯೂ ಇಡೀ ರಾಜ್ಯಕ್ಕೆ ಹಬ್ಬಿತು. ಸಂಕ್ರಾಂತಿಯ ರಜೆಗೆ ಹೊಳೆಯ ಕಡೆ ಬರಬೇಕೆಂದಿದ್ದವರು ಮನೆಯಲ್ಲೇ ಎಳ್ಳುಬೆಲ್ಲ ತಿಂದರು. ಜನವರಿ 21ಕ್ಕೆ ವಾರಾಂತ್ಯದ್ದು ಹೋಯಿತು, ತಿಂಗಳ ಕೊನೆಗೆ ರಾತ್ರಿಯದೂ ಹೋಯಿತು.

ಕೊಲ್ಹಾಪುರ, ಸಾಂಗಲಿಯಿಂದ ದಾಂಡೇಲಿಗೆ ಬರುವ ನೆಂಟರಿಗೆ ಆದದ್ದು ಇನ್ನೂ ಕಷ್ಟದ್ದು. 2021ರ ಜುಲೈನಲ್ಲಿ ಮಹಾರಾಷ್ಟ್ರದಿಂದ ಬರುವವರು ಒಂದು ಡೋಸ್ ಲಸಿಕೆಯ ಪ್ರಮಾಣಪತ್ರ ತೋರಿಸಿದರೆ ಸಾಕಿತ್ತು. ಜುಲೈ 31ರ ಆದೇಶದಲ್ಲಿ ಲಸಿಕೆ ಆಗಿದ್ದರೂ ಆರ್‌ಟಿಪಿಸಿಆರ್ ನೆಗೆಟಿವ್ ವರದಿ ಬೇಕೇ ಬೇಕು ಎಂದಾಯಿತು. ಜುಲೈನ ಕಾಗದ ಹಿಡಿದುಕೊಂಡು ಆಗಸ್ಟ್‌ನಲ್ಲಿ ಕೊಗನೊಳ್ಳಿ ಚೆಕ್‌ಪೋಸ್ಟಿಗೆ ಬಂದರೆ ಅಲ್ಲಿಯ ಪೊಲೀಸರು ತಾನೇ ಏನು ಮಾಡಿಯಾರು? ಗೋವಾದ ಕಡೆಗೂ ಹಾಗೆಯೇ. ಅಲ್ಲಿಯ ಹೈಕೋರ್ಟ್ ಪೀಠದ ಆದೇಶದಂತೆ 2021ರ ಮೇ 10ರಿಂದ ನೆಗೆಟಿವ್ ವರದಿ ಇಲ್ಲದೆ ಒಳಗೆ ಬಿಡಲಿಲ್ಲ. ಅನಮೋಡ ದಾಟಿ ಗೋವಾಕ್ಕೆ, ಮಾಜಾಳಿ ದಾಟಿ ಕಾಣಕೋಣಕ್ಕೆ ನೆಂಟರ ಮನೆಯಂತೆ ಹೋಗಿಬರುತ್ತಿದ್ದ ನಮ್ಮ ಜೋಯಿಡಾ, ಕಾರವಾರದ ಮಂದಿಗೆ ಆಗಲೇ ಗೊತ್ತಾದದ್ದು, ಅದು ಬೇರೆ ರಾಜ್ಯ ಎಂದು.

ಈಗ ಸ್ವಲ್ಪ ಕಿವಿ ಹಿಂಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಆಗ ಕೇಳುತ್ತಿದ್ದ 72 ಗಂಟೆಯೊಳಗಿನ ನೆಗೆಟಿವ್ ವರದಿ ಎಂದರೆ ವರದಿ ಕೈಗೆ ಬಂದ ಹೊತ್ತಿನಿಂದ 72 ಗಂಟೆ ಎಂದೇ ನಿಮ್ಮಲ್ಲಿ ಅರ್ಧದಷ್ಟು ಜನ ತಿಳಿದಿದ್ದಿರಿ. ಲೆಕ್ಕ ಶುರುವಾಗುವುದು ಮೂಗಿಗೆ ಕಡ್ಡಿ ಹಾಕಿದ ಹೊತ್ತಿನಿಂದ. ಮೊಸರಿನ ಲೆಕ್ಕ ಹೆಪ್ಪು ಹಾಕಿದಾಗಿನಿಂದ ತಾನೇ, ಮುಚ್ಚಳ ತೆಗೆದಾಗಿನಿಂದ ಅಲ್ಲವಲ್ಲ! ಮುಂಡಗೋಡದಲ್ಲೋ ಜೋಯಿಡಾದಲ್ಲೋ ಮಾದರಿ ಕೊಟ್ಟರೆ ಅದು ದೂರದ ಲ್ಯಾಬಿಗೆ ಹೋಗಬೇಕು, ಸರದಿಯಲ್ಲಿ ಕಾಯಬೇಕು, ವರದಿ ಮೊಬೈಲಿಗೆ ಬರಬೇಕು. ಅಷ್ಟರಲ್ಲಿ ಒಂದು ದಿನವೋ ಎರಡು ದಿನವೋ ಕಳೆದಿರುತ್ತದೆ. ಆಮೇಲೆ ಬೆಂಗಳೂರಿನ ದಾರಿ, ವಿಮಾನ ನಿಲ್ದಾಣದ ಕಾಯುವಿಕೆ, ಹತ್ತು ಗಂಟೆಯ ಹಾರಾಟ. ಕೆಲವು ದೇಶಗಳು ವಿಮಾನ ಹತ್ತುವ ಹೊತ್ತಿಗೆ ಗಂಟೆ ಎಣಿಸಿದರೆ, ಕೆಲವು ಇಳಿಯುವ ಹೊತ್ತಿಗೆ ಎಣಿಸುತ್ತಿದ್ದವು. ಹಡಗಿನವರು ಹತ್ತುವ ಮುಂಚೆ ಮತ್ತೊಂದು ಪರೀಕ್ಷೆ ಕೇಳುವುದೂ ಇತ್ತು. ಹೀಗಾಗಿ ಇಂಥ ನಿಯಮ ಮತ್ತೆ ಬಂದರೆ ಮನೆಯಿಂದ ಮುಂದಕ್ಕೆ ಎಣಿಸಬೇಡಿ, ಕಟ್ಟಕಡೆಯ ಗೇಟಿನಿಂದ ಹಿಂದಕ್ಕೆ ಎಣಿಸಿ. ಅಲ್ಲಿ ಕಾಗದ ತೋರಿಸುವ ಹೊತ್ತು ಯಾವುದು, ಅದಕ್ಕೆ ಎಷ್ಟು ಗಂಟೆ ಮೊದಲು ಕಡ್ಡಿ ಹಾಕಿಸಬೇಕು, ಅದಕ್ಕೆ ಯಾವ ಊರಿನ ಲ್ಯಾಬ್ ಸರಿ, ಈ ಕ್ರಮದಲ್ಲಿ. ಬೇಕಿದ್ದರೆ ಒಂದು ದಿನ ಮೊದಲೇ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಿ ನೆಂಟರ ಮನೆಯಲ್ಲಿ ಉಳಿಯಿರಿ.

ಕಾಗದಗಳ ವಿಷಯದಲ್ಲಿ ನಿಮ್ಮ ಅಸಡ್ಡೆ ಹೇಳತೀರದು. ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು, ಮನೆತನದ ಹೆಸರು ಎಲ್ಲ ಉದ್ದಕ್ಕೆ ಇರುತ್ತದೆ, ಲಸಿಕೆಯ ಪ್ರಮಾಣಪತ್ರದಲ್ಲಿ ಎರಡು ಇನಿಷಿಯಲ್ ಮಾತ್ರ. ಯುರೋಪಿನ ಅಧಿಕಾರಿಗೆ ಇವರಿಬ್ಬರೂ ಒಬ್ಬರೇ ಎಂದು ಹೇಗೆ ತಿಳಿಯಬೇಕು? ಕೋವಿನ್‌ನಲ್ಲಿ ತಿದ್ದಿಕೊಳ್ಳಲು, ಪಾಸ್‌ಪೋರ್ಟ್ ಸಂಖ್ಯೆ ಸೇರಿಸಲು ಅವಕಾಶ ಕೊಟ್ಟಿದ್ದರು. ಕೊನೆಯ ರಾತ್ರಿಯವರೆಗೂ ಅದನ್ನು ಮುಟ್ಟದವರೇ ಹೆಚ್ಚು. ಲಸಿಕೆಯ ಅಂತರದ ಗೊಂದಲ ಬೇರೆ. 2021ರ ಮೇ ತಿಂಗಳಲ್ಲಿ ಕೋವಿಶೀಲ್ಡ್‌ನ ಎರಡು ಡೋಸ್‌ಗಳ ನಡುವೆ 12ರಿಂದ 16 ವಾರ ಎಂದರು. ಜೂನ್‌ನಲ್ಲಿ ವಿದೇಶಕ್ಕೆ ಓದಲು, ಕೆಲಸಕ್ಕೆ, ಒಲಿಂಪಿಕ್ಸ್‌ಗೆ ಹೋಗುವವರು 28 ದಿನದ ಮೇಲೆ ಹಾಕಿಸಿಕೊಳ್ಳಬಹುದು ಎಂದು ಸಡಿಲಿಸಿದರು. ಆ ಸಡಿಲಿಕೆಯಲ್ಲಿ ಹಡಗು ಹತ್ತಿ ನದಿ ನೋಡಲು ಹೋಗುವವರ ಹೆಸರಿರಲಿಲ್ಲ, ಇರಬೇಕಾದದ್ದೂ ಇಲ್ಲ. ಅದೇ ವರ್ಷದ ಜುಲೈ 1ಕ್ಕೆ ಯುರೋಪಿನ ಡಿಜಿಟಲ್ ಪ್ರಮಾಣಪತ್ರ ಶುರುವಾದಾಗ ಕೋವಿಶೀಲ್ಡ್ ಅವರ ಔಷಧ ಸಂಸ್ಥೆಯ ಪಟ್ಟಿಯಲ್ಲೇ ಇರಲಿಲ್ಲ. ಜರ್ಮನಿ, ಆಸ್ಟ್ರಿಯಾ, ನೆದರ್‌ಲೆಂಡ್ಸ್ ಮುಂತಾದ ದೇಶಗಳು ಒಂದೊಂದಾಗಿ ತಾವೇ ಒಪ್ಪಿಕೊಂಡವು. ಕೋವ್ಯಾಕ್ಸಿನ್‌ಗೆ ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆ ಸಿಕ್ಕಿದ್ದು ನವೆಂಬರ್ 3ಕ್ಕೆ. 2022ರ ಫೆಬ್ರವರಿ 1ರಿಂದ ಯುರೋಪಿನೊಳಗೆ ಬೂಸ್ಟರ್ ಇಲ್ಲದ ಪ್ರಮಾಣಪತ್ರಕ್ಕೆ 270 ದಿನದ ಗಡುವು ಬಂತು. ಹಾಲಿನ ಪ್ಯಾಕೆಟ್ಟಿನ ಮೇಲೆ ತಾರೀಖು ನೋಡುವ ನೀವು ಇದನ್ನು ನೋಡದಿದ್ದರೆ ಯಾರ ತಪ್ಪು?

ಎಲ್ಲವನ್ನೂ ಮೊಬೈಲಿನಲ್ಲೇ ಇಟ್ಟುಕೊಂಡು ಬರುವವರಿಗೆ ಒಂದು ಮಾತು. ಜೋಯಿಡಾದ ಕಾಡಿನಲ್ಲಿ ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತುವ ಜಾಗಗಳು ಈಗಲೂ ಇವೆ. ಕಾಗದದ ಮೇಲೆ ಎರಡು ಪ್ರತಿ ತೆಗೆದು, ಒಂದನ್ನು ಬ್ಯಾಗಿನಲ್ಲಿ, ಒಂದನ್ನು ಜೊತೆಗಿರುವವರ ಕೈಯಲ್ಲಿ ಇಡಿ. ನೀರಿಗೆ ಇಳಿಯುವವರು ಪ್ಲಾಸ್ಟಿಕ್ ಕವರಿನಲ್ಲಿ ಇಡಿ ಎಂದು ಬೇರೆ ಹೇಳಬೇಕೇ?

ದುಡ್ಡಿನ ವಿಷಯ. ಮುಂಗಡ ಎಂದರೆ ಮುಂಗಡ, ಪೂರ್ತಿ ಅಲ್ಲ. ಎರಡು ಸಾವಿರ ರೂಪಾಯಿ ರಿಯಾಯಿತಿ ಸಿಗುತ್ತದೆ ಎಂದು ನಾಲ್ಕು ತಿಂಗಳ ಮೊದಲೇ ಇಡೀ ಮೊತ್ತ ಕಟ್ಟಿ ಕೂರಬೇಡಿ. ಕಟ್ಟುವ ಮುನ್ನ ಒಂದೇ ಪ್ರಶ್ನೆ ಕೇಳಿ: ಸರಕಾರದ ಆದೇಶದಿಂದ ರಾಫ್ಟಿಂಗ್ ನಿಂತರೆ ದುಡ್ಡು ವಾಪಸ್ಸೋ, ಬೇರೆ ತಾರೀಖೋ, ಏನೂ ಇಲ್ಲವೋ? ಬಾಯಿಮಾತಿನಲ್ಲಿ ಬೇಡ, ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಉತ್ತರ ಬಂದರೆ ಬೇರೆ ಮನೆ ನೋಡಿ. ಆದರೆ ನ್ಯಾಯ ಎರಡೂ ಕಡೆ ಇರಲಿ. ಸರಕಾರ ಬಾಗಿಲು ಹಾಕಿಸಿದರೆ ದುಡ್ಡು ಕೇಳಿ. ನಿಮಗೇ ಹೆದರಿಕೆಯಾಗಿ ಬರುವುದಿಲ್ಲ ಎಂದರೆ ಸ್ವಲ್ಪ ಕಳೆದುಕೊಳ್ಳಲು ಸಿದ್ಧರಿರಿ. ನಿಮಗೆಂದು ಕೋಳಿ, ತರಕಾರಿ ತಂದಿಟ್ಟ ಹೋಮ್‌ಸ್ಟೇಯ ಹೆಂಗಸಿಗೂ ಮಕ್ಕಳ ಫೀ ಕಟ್ಟುವುದಿರುತ್ತದೆ. ವಿಮಾನದ ಟಿಕೆಟ್ಟಿಗೆ ಲಾಕ್‌ಡೌನ್ ಕಾಲದಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಗಬೇಕಾಯಿತು, 2020ರ ಅಕ್ಟೋಬರ್ 1ರಂದು ಹಣ ಮರಳಿಸುವ ಬಗ್ಗೆ ತೀರ್ಪು ಬಂತು. ಯುರೋಪಿನ ಕಂಪನಿಯಿಂದ ಹಡಗಿನ ಪ್ಯಾಕೇಜ್ ಕೊಂಡವರಿಗೆ ಅಲ್ಲಿಯ ಕಾನೂನಿನಲ್ಲಿ ಒಳ್ಳೆಯ ರಕ್ಷೆ ಇದೆ. ಕಂಪನಿಯೇ ಪ್ರವಾಸ ರದ್ದು ಮಾಡಿದರೆ 14 ದಿನದೊಳಗೆ ಹಣ ಮರಳಬೇಕು. ಕೊರೊನಾ ಕಾಲದಲ್ಲಿ ಬಹಳ ಕಡೆ ಹಣದ ಬದಲು ವೋಚರ್ ಹಿಡಿಸಲು ನೋಡಿದರು. ವೋಚರ್ ತೆಗೆದುಕೊಳ್ಳುವುದು ಬಿಡುವುದು ಪ್ರಯಾಣಿಕರ ಇಷ್ಟ. ಕಂಪನಿಯ ಹುಡುಗಿ ಇಂಗ್ಲಿಷಿನಲ್ಲಿ ಸಿಹಿಯಾಗಿ ಮಾತಾಡಿದಳೆಂದು ತಲೆಯಾಡಿಸಬೇಡಿ, ಮಗನಿಗೆ ಫೋನ್ ಮಾಡಿ.

ವಿಮೆಯನ್ನೂ ಓದಿ ನೋಡಿ. ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋದ ವೈದ್ಯಕೀಯ ವಿಮೆ ಕಡ್ಡಾಯ, ಅದನ್ನು ಮಾಡಿಸಿಯೇ ಇರುತ್ತೀರಿ. ಆದರೆ ನಡುದಾರಿಯಲ್ಲಿ ಸೋಂಕಿನ ಕಾರಣಕ್ಕೆ ಹಡಗಿನಿಂದ ಇಳಿಸಿ ಹೋಟೆಲಿನಲ್ಲಿ ಕೂರಿಸಿದರೆ ಆ ಬಾಡಿಗೆ ಯಾರು ಕೊಡುತ್ತಾರೆ, ಪ್ರವಾಸವೇ ರದ್ದಾದರೆ ಏನು, ಇವು ಬೇರೆ ಕಲಮುಗಳು. ಮಾತ್ರೆ ಕೂಡ ಹತ್ತು ದಿನಕ್ಕೆ ಹೆಚ್ಚಾಗಿ ಇಟ್ಟುಕೊಳ್ಳಿ. ಬಿಪಿ, ಸಕ್ಕರೆ ಇರುವವರು ಪರದೇಶದಲ್ಲಿ ಔಷಧಿ ಚೀಟಿ ಇಲ್ಲದೆ ಅಂಗಡಿ ಅಂಗಡಿ ಅಲೆಯುವುದು ಬೇಡ.

ಇನ್ನು ಹೇಳುವುದು ಸ್ವಲ್ಪ ಖಾರವಾಗಿದ್ದರೆ ಸಹಿಸಿಕೊಳ್ಳಿ. ಗಂಟಲು ಕೆರೆಯುತ್ತಿದ್ದರೂ ಒಂದು ಪ್ಯಾರಸಿಟಮಾಲ್ ನುಂಗಿ, ಥರ್ಮಾಮೀಟರ್ ಹಿಡಿಯುವವನ ಮುಂದೆ ನಗುತ್ತ ನಿಂತು, ಒಳಗೆ ಬಂದುಬಿಡುವುದು ಜಾಣತನವಲ್ಲ, ಅನ್ಯಾಯ. ರಾಫ್ಟಿನಲ್ಲಿ ಎಂಟು ಹತ್ತು ಮಂದಿ ಮೊಣಕಾಲು ತಾಗಿಸಿಕೊಂಡು ಕೂರುತ್ತೀರಿ. ಒಂದೇ ಸಮನೆ ಕೂಗುತ್ತೀರಿ. ಲೈಫ್ ಜಾಕೆಟ್ ಬಿಗಿಯುವ ಹುಡುಗ ನಿಮ್ಮ ಮುಖದ ಹತ್ತಿರ ಬಗ್ಗಿ ಪಟ್ಟಿ ಕಟ್ಟುತ್ತಾನೆ. ಅವನು ಸಂಜೆ ಮನೆಗೆ ಹೋಗುವುದು ಅಜ್ಜ ಅಜ್ಜಿ ಇರುವ ಕುಣಬಿ ಮನೆಗೋ, ಗೌಳಿವಾಡಕ್ಕೋ, ಸಿದ್ದಿ ಕೇರಿಗೋ. ಅಲ್ಲಿ ಯಾರಿಗಾದರೂ ಉಸಿರು ಕಟ್ಟಿದರೆ ದೊಡ್ಡ ಆಸ್ಪತ್ರೆಗೆ ಧಾರವಾಡ, ಹುಬ್ಬಳ್ಳಿ, ಇಲ್ಲವೇ ಬೆಳಗಾವಿಯ ದಾರಿ ಹಿಡಿಯಬೇಕು. ನೀವು ಸೋಮವಾರ ಬೆಂಗಳೂರಿನ ಆಫೀಸಿನಲ್ಲಿ ಕೂತಿರುತ್ತೀರಿ. ಹೊಳೆ ದಾಟಿದ ಮೇಲೆ ಅಂಬಿಗನ ಗೊಡವೆ ಏಕೆ ಎನ್ನುವವರ ಸಾಲಿಗೆ ನೀವು ಸೇರುವವರಲ್ಲ ಎಂದು ನಂಬಿದ್ದೇನೆ. ಮೈ ಸರಿ ಇಲ್ಲದಿದ್ದರೆ ಒಂದು ಫೋನ್ ಮಾಡಿ ತಾರೀಖು ಮುಂದೆ ಹಾಕಿ. ಬಂದ ಮೇಲೆ ಜ್ವರ ಕಾಣಿಸಿದರೆ ಮುಚ್ಚಿಡಬೇಡಿ, ಮನೆಯವರಿಗೆ ಹೇಳಿ, ಅವರಿಗೆ ಗೊತ್ತಿರುವ ಡಾಕ್ಟರ್ ಇರುತ್ತಾರೆ. ಚಳಿಗಾಲ, ಬೇಸಿಗೆಯಲ್ಲಿ ಕಾಡು ಸುತ್ತಿ ಹೋದ ವಾರದಲ್ಲಿ ಜ್ವರ ಬಂದರೆ ಕಾಡಿಗೆ ಹೋಗಿದ್ದೆ ಎಂದು ಡಾಕ್ಟರಿಗೆ ಹೇಳುವುದನ್ನಂತೂ ಮರೆಯಲೇಬೇಡಿ. ಉಣ್ಣೆ ಕಚ್ಚಿ ಬರುವ ಮಂಗನ ಕಾಯಿಲೆಯನ್ನು ಊರಿನ ಡಾಕ್ಟರು ಊಹಿಸಬೇಕಾದರೆ ನೀವೇ ಬಾಯಿಬಿಡಬೇಕು.

ಗೇಟಿನಲ್ಲಿ ನಿಂತವನ ಮೇಲೆ ರೇಗಬೇಡಿ. ನಿಯಮ ಮಾಡಿದವನು ಅವನಲ್ಲ. ಬಿಸಿಲಲ್ಲಿ ನಿಂತ ಗಾರ್ಡ್‌ಗೆ ನಿಮ್ಮ ಮಾವ ಯಾರು ಎಂಬ ವಿವರ ಬೇಕಿಲ್ಲ. ಆದೇಶದ ಪ್ರತಿ ಇದ್ದರೆ ತೋರಿಸಿ ಎಂದು ಮೆಲ್ಲಗೆ ಕೇಳಿ. ನಿಮ್ಮ ಬಳಿ ಹೊಸ ಆದೇಶ ಇದ್ದರೆ ಅದನ್ನು ತೋರಿಸಿ, ಅವನಿಗೇ ತಲುಪಿಲ್ಲದಿರಬಹುದು. ಹಾಗೆಂದು ವಾಟ್ಸಾಪಿನಲ್ಲಿ ಬಂದದ್ದೆಲ್ಲ ಆದೇಶವಲ್ಲ. ಸಹಿ, ಸಂಖ್ಯೆ, ತಾರೀಖು ಮೂರೂ ಇಲ್ಲದ್ದನ್ನು ಯಾರಿಗೂ ಕಳಿಸಬೇಡಿ. ಊರಿನ ಗುಂಪಿನಲ್ಲಿ ಹಳೆಯ ಲಾಕ್‌ಡೌನ್ ಸುದ್ದಿ ಹಾಕಿ ಹತ್ತು ಮನೆಯವರ ನಿದ್ದೆ ಕೆಡಿಸುವ ಅಣ್ಣಂದಿರಿಗೆ ಇದು ವಿಶೇಷ ಸೂಚನೆ.

ಮುಂಡಗೋಡದವರು ಇದನ್ನು ಎದುರು ಕಡೆಯಿಂದಲೂ ನೋಡಬೇಕು. ಇಲ್ಲಿಯ ಟಿಬೆಟನ್ ಕ್ಯಾಂಪಿಗೆ ಯುರೋಪಿನಿಂದಲೂ ನೆಂಟರು, ಭಕ್ತರು ಬರುತ್ತಾರೆ. ವಿದೇಶಿ ಪಾಸ್‌ಪೋರ್ಟ್ ಇರುವವರು ಕ್ಯಾಂಪಿನಲ್ಲಿ ಉಳಿಯಬೇಕಾದರೆ ಕೇಂದ್ರ ಗೃಹ ಇಲಾಖೆಯ ಪರವಾನಗಿ ಬೇಕು, ಕೊರೊನಾ ಇರಲಿ ಬಿಡಲಿ. ಅದಕ್ಕೆ ಸಮಯ ಹಿಡಿಯುತ್ತದೆ. ಅವರನ್ನು ಕರೆಯುವವರು ವಿಮಾನದ ಟಿಕೆಟ್ ಕೊಳ್ಳುವ ಮುನ್ನ ಇದನ್ನು ಹೇಳಿಬಿಡಿ.

ಹೊಳೆಯ ಪ್ರವಾಸ ಕೆಡಲು ರೋಗವೇ ಬರಬೇಕೆಂದೇನೂ ಇಲ್ಲ ನೋಡಿ. 2022ರ ಆಗಸ್ಟ್‌ನಲ್ಲಿ ಬರ ಬಂದು ರೈನ್ ನದಿಯ ನೀರು ಇಳಿದು ಹಡಗುಗಳಿಗೆ ಅಡಚಣೆಯಾಯಿತು. 2024ರ ಸೆಪ್ಟೆಂಬರಿನಲ್ಲಿ ಡ್ಯಾನ್ಯೂಬ್ ಉಕ್ಕಿ ಹಡಗುಗಳು ದಡದಲ್ಲೇ ನಿಂತವು. ನಮ್ಮಲ್ಲೂ ಮಳೆಗಾಲ ಹಿಡಿದರೆ ರಾಫ್ಟಿಂಗ್ ಇಲ್ಲ, ಸೂಪಾದ ನೀರು ಬಿಡದ ದಿನವೂ ರಾಫ್ಟಿಂಗ್ ಇಲ್ಲ. ಹೊಳೆಗೆ ಹೋಗುವವರು ಒಂದೆರಡು ದಿನ ಹೆಚ್ಚಿಗೆ ಇಟ್ಟುಕೊಂಡು, ಆಗದಿದ್ದರೆ ಏನು ನೋಡುವುದು ಎಂದು ಮೊದಲೇ ಯೋಚಿಸಿಕೊಂಡು ಬನ್ನಿ. ದಾಂಡೇಲಿಯಲ್ಲಿ ಮಂಗಟ್ಟೆ ಹಕ್ಕಿಗಳಿವೆ, ನಮ್ಮ ಕಡೆ ಅತ್ತಿವೇರಿ ಪಕ್ಷಿಧಾಮ ಇದೆ. ಹೊಳೆ ಎಲ್ಲಿಗೂ ಓಡಿಹೋಗುವುದಿಲ್ಲ.

ಈ ರಜೆಗೆ ಬುಕ್ ಮಾಡುವವರು ಇವತ್ತೇ ಹೋಮ್‌ಸ್ಟೇಗೆ ಫೋನ್ ಮಾಡಿ. ಆ ವಾರ ನೀರು ಬಿಡುತ್ತಾರೆಯೇ, ಈಗ ಯಾವ ನಿಯಮ ಇದೆ, ರದ್ದಾದರೆ ದುಡ್ಡು ಏನಾಗುತ್ತದೆ ಎಂದು ಕೇಳಿ, ಬಂದ ಉತ್ತರವನ್ನು ತಾರೀಖು ಹಾಕಿ ಬರೆದಿಟ್ಟುಕೊಳ್ಳಿ. ಹೊರಡುವ ಹಿಂದಿನ ದಿನ ಅದೇ ಪ್ರಶ್ನೆಗಳನ್ನು ಮತ್ತೊಮ್ಮೆ ಕೇಳಿ.